ಹೂಂಗಣ್ಣನ ಮನೆಯ ಸದ್ದುಗಳು

ಆ ಕಿಟಕಿ ಮುಚ್ಚಿ ಬಂದು ಕೂತುಕೊಳ್ಳಿ, ಆಮೇಲೆ ಹೇಳುತ್ತೇನೆ. ಅವರಿವರ ಬಾಯಿಂದ ಕೇಳಿದ ಕತೆ ಅಲ್ಲ ಇದು. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಅವನ ಮನೆಯಲ್ಲಿ ನಾನೇ ಒಂದು ರಾತ್ರಿ ಮಲಗಿ ಎದ್ದು ಬಂದಿದ್ದೇನೆ. ನಂಬದವರು ಈಗಲೇ ಹೋಗಿ ಮಲಗಿ. ನಡುವೆ ಎದ್ದು ಹೋಗಬೇಡಿ, ಅಷ್ಟೆ.

ಅವತ್ತು ಅವನು ಆಫೀಸಿನಿಂದ ಹೊರಟಾಗ ಹನ್ನೊಂದೂವರೆ. ಆಫೀಸಿನ ಹಿಂದೆ ಒಂದು ಓಣಿ, ಓಣಿಯ ತುದಿಯಲ್ಲಿ ಒಂದು ಹಾಳು ಬಾವಿ. ಯಾರೂ ಬೀಳದಿರಲಿ ಅಂತ ಮೇಲೆ ಕಬ್ಬಿಣದ ಸರಳು ಹಾಕಿದ್ದಾರೆ. ಇವನಿಗೊಂದು ಹುಡುಗಾಟದ ಚಾಳಿ. ದಿನಾ ಮನೆಗೆ ಹೋಗುವಾಗ ಒಂದು ಕಲ್ಲು ಆರಿಸಿ ಸರಳಿನ ಸಂದಿಯಿಂದ ಒಳಗೆ ಬಿಡುವುದು. ಮೂರು ಎಣಿಸುವಷ್ಟರಲ್ಲಿ ಕೆಳಗಿನಿಂದ 'ಗುಳುಂ'. ಅದು ಕೇಳಿದರೆ ಅವನ ಪಾಲಿಗೆ ದಿನ ಮುಗಿದ ಹಾಗೆ.

ಅವತ್ತೂ ಬಿಟ್ಟ. ಒಂದು... ಎರಡು... ಮೂರು...

ಹತ್ತರವರೆಗೆ ಎಣಿಸಿದ. ಇಪ್ಪತ್ತರವರೆಗೆ ಎಣಿಸಿದ. ಸದ್ದಿಲ್ಲ. ನೀರು ಬತ್ತಿದ್ದರೆ 'ಟಣ್' ಅನ್ನಬೇಕು, ಕೆಸರಾಗಿದ್ದರೆ 'ಪಚಕ್' ಅನ್ನಬೇಕು. ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದ. ನೀರು ಇದ್ದಷ್ಟೇ ಇದೆ. ಮೇಲೆ ಉಂಗುರ ಉಂಗುರವಾಗಿ ಅಲೆ ಏಳುತ್ತಿದೆ. ಕಲ್ಲು ಬಿದ್ದಿದೆ... ಸದ್ದು ಮಾತ್ರ ಬಂದಿಲ್ಲ.

ಉಗ್ರಾಣಿ ಸತ್ತು ಅವತ್ತಿಗೆ ಹನ್ನೆರಡು ದಿನ.

ಉಗ್ರಾಣಿ ಯಾರು ಅಂತ ಹೇಳುವ ಮುಂಚೆ ನಮ್ಮವನ ಗುಣ ಹೇಳಿಬಿಡುತ್ತೇನೆ. ಇವನಿಗೆ ಮನೆಯಲ್ಲಿ ಇಟ್ಟ ಹೆಸರು ಹೂಂಗಣ್ಣ. ಯಾರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳದೆ 'ಹೂಂ' ಅನ್ನುವವನು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಚಿಕ್ಕವನಿದ್ದಾಗ ಒಮ್ಮೆ ದೊಡ್ಡಮ್ಮ, "ನಿನ್ನ ತಟ್ಟೆಗೆ ಹಲ್ಲಿ ಬಿದ್ದಿದೆ ಕಣೋ, ತಿಂತೀಯಾ?" ಅಂದಿದ್ದಕ್ಕೆ 'ಹೂಂ' ಅಂತ ತುತ್ತು ಎತ್ತಿದ್ದ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ನಗಬಾರದಿತ್ತು.

ದೊಡ್ಡವನಾಗಿ ಕಂಪ್ಯೂಟರಿನ ಕೆಲಸಕ್ಕೆ ಸೇರಿದ. ಆ ಕೆಲಸದ ಒಂದು ವಿಚಾರ ನಿಮಗೆ ಗೊತ್ತಿರಬೇಕು. ಯಾವ ಪ್ರೋಗ್ರಾಮೂ ಒಂಟಿಯಾಗಿ ಬದುಕುವುದಿಲ್ಲವಂತೆ. ಒಂದನ್ನು ಹಾಕಬೇಕಾದರೆ ಅದು ಇನ್ನೊಂದು ಪ್ಯಾಕೇಜ್, ಅಂದರೆ ಬೇರೆ ಯಾರೋ ಬರೆದಿಟ್ಟ ಪ್ರೋಗ್ರಾಮಿನ ಗಂಟು, ಬೇಕು ಅನ್ನುತ್ತದೆ, ಆ ಇನ್ನೊಂದು ಮತ್ತೆ ಹತ್ತು ಬೇಕು ಅನ್ನುತ್ತದೆ. ಮದುವೆಗೆ ಒಬ್ಬನನ್ನು ಕರೆದರೆ ಬೀದಿಗೆ ಬೀದಿಯೇ ಊಟಕ್ಕೆ ಬಂದ ಹಾಗೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಬರೆದರೆ ಸಾಕು, ಮಷೀನು ಎಲ್ಲೆಲ್ಲಿಂದಲೋ ಎಲ್ಲವನ್ನೂ ಇಳಿಸಿಕೊಳ್ಳುತ್ತದೆ. ಇಳಿಸುವ ಮುಂಚೆ ಒಂದು ಉದ್ದನೆಯ ಪಟ್ಟಿ ತೋರಿಸಿ, "ಇಷ್ಟೂ ಹಾಕಲೇ?" ಅಂತ ಕೇಳುತ್ತದೆ. ಹೌದು ಅನ್ನುವುದಕ್ಕೆ 'ವೈ' ಅಕ್ಷರ ಒತ್ತಬೇಕು. ಮುನ್ನೂರು ಸಾಲಿನ ಪಟ್ಟಿಯನ್ನು ಯಾರು ಓದುತ್ತಾರೆ? ಹೂಂಗಣ್ಣನಂತೂ ಪಟ್ಟಿ ಬರುವ ಮುಂಚೆಯೇ ಬೆರಳು ವೈ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದ.

ಆ ಆಫೀಸಿನಲ್ಲಿ ಪಟ್ಟಿ ಓದುತ್ತಿದ್ದವರು ಒಬ್ಬರೇ. ನೆಲಮಾಳಿಗೆಯಲ್ಲಿ ಮಷೀನುಗಳ ಕೋಣೆ, ಅಲ್ಲಿ ಫ್ಯಾನುಗಳು ಹಗಲೂ ರಾತ್ರಿ 'ಹೋ...' ಅನ್ನುತ್ತಿರುತ್ತವೆ. ಅದರೊಳಗೆ ಒಂದು ಮೇಜು ಹಾಕಿಕೊಂಡು ಕೂತ ವಯಸ್ಸಾದ ಮನುಷ್ಯ. ಹೊರಗಿನಿಂದ ಬಂದ ಪ್ಯಾಕೇಜುಗಳನ್ನೆಲ್ಲ ಜರಡಿ ಹಿಡಿದು, ಸರಿಯಾದದ್ದನ್ನು ಮಾತ್ರ ಒಂದು ಕಡೆ ಸಂಗ್ರಹಿಸಿ ಇಡುವುದು ಅವರ ಕೆಲಸ. ಅದಕ್ಕೇ ಎಲ್ಲರೂ ಉಗ್ರಾಣಿ ಅನ್ನುತ್ತಿದ್ದರು. ಯಾರು ಏನು ಕೇಳಿಕೊಂಡು ಹೋದರೂ ಕನ್ನಡಕದ ಮೇಲಿಂದ ನೋಡಿ ಒಂದೇ ಮಾತು.

"ಓದಿದ್ಯಾ?"

"ಹೂಂ ಸಾರ್."

"ಏನಿತ್ತು ಹೇಳು."

ಹೂಂಗಣ್ಣ ಕಣ್ಣು ಕಣ್ಣು ಬಿಡುವುದು. ಆಗ ಉಗ್ರಾಣಿ ಗದರುತ್ತಿರಲಿಲ್ಲ, ಮೆಲ್ಲಗೆ ಹೇಳುತ್ತಿದ್ದರು. "ಹೂಂ ಅನ್ನೋದು ಬಾಗಿಲು ತೆಗೆದ ಹಾಗಪ್ಪಾ. ಹೊರಗೆ ಯಾರು ನಿಂತಿದಾರೆ ಅಂತ ಮೊದಲು ನೋಡ್ಬೇಕು."

ಹೂಂಗಣ್ಣ ಅದಕ್ಕೂ ಹೂಂ ಅನ್ನುತ್ತಿದ್ದ.

ಈಗ ಆ ಸಾವಿನ ಸಂಗತಿ. ಒಂದು ಸಂಜೆ ಏಳೂವರೆ. ಹೂಂಗಣ್ಣ ಎರಡನೇ ಮಹಡಿಯಲ್ಲಿ ಪ್ಯಾಕೇಜ್ ಇಳಿಸುತ್ತ ಕೂತಿದ್ದಾನೆ. ಮೊಬೈಲು 'ಟುಂಯ್' ಅಂದಿತು. ಉಗ್ರಾಣಿಯಿಂದ ಮೆಸೇಜು. ಇವನು ಓರೆಗಣ್ಣಿನಲ್ಲಿ ಹೆಸರು ನೋಡಿದ, 'ಹೂಂ' ಅಂತ ಒತ್ತಿದ, ಮೊಬೈಲು ಮಗುಚಿಟ್ಟ. ಒಂಬತ್ತಕ್ಕೆ ಎದ್ದು ಹೋಗಿ ಬಾವಿಗೆ ಕಲ್ಲು ಹಾಕಿದ. ಗುಳುಂ. ಮನೆಗೆ ಹೋಗಿ ಉಂಡು ಮಲಗಿದ.

ಬೆಳಿಗ್ಗೆ ಬಂದರೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಜನ. ಕೋಣೆಯ ಕಬ್ಬಿಣದ ಬಾಗಿಲನ್ನು ಮೂರು ಜನ ಸೇರಿ ನೂಕಬೇಕಾಯಿತಂತೆ. ಉಗ್ರಾಣಿ ಒಳಗಿನಿಂದ ಅದಕ್ಕೇ ಒರಗಿಕೊಂಡು ಕೂತಿದ್ದರು. ಯಾರೋ ಬರುತ್ತಾರೆ ಅಂತ ಕಾದವರ ಹಾಗೆ... ಮೊಬೈಲು ಕೈಯಲ್ಲಿ.

ಹೂಂಗಣ್ಣ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಮೆಸೇಜು ತೆಗೆದ. ಆಗಲೇ ಮೊದಲ ಸಲ ಓದಿದ್ದು. 'ಎದೆ ಹಿಡಿದ ಹಾಗಾಗ್ತಿದೆ. ಬಾಗಿಲು ತೆಗೆಯೋಕೆ ಆಗ್ತಿಲ್ಲ. ಬರ್ತೀಯಾ?' ಅದರ ಕೆಳಗೆ ಇವನ 'ಹೂಂ'.

ಇವನು 'ಹೂಂ' ಅನ್ನದಿದ್ದರೆ ಆ ಮನುಷ್ಯ ಬೇರೆ ಯಾರನ್ನಾದರೂ ಕರೆಯುತ್ತಿದ್ದರು. ಅದು ಇವನಿಗೆ ಆ ಕ್ಷಣವೇ ಹೊಳೆಯಿತು. ಹೊಳೆದ ಮೇಲೆ ಏನು ಮಾಡಿದ ಗೊತ್ತಾ? ತನ್ನ 'ಹೂಂ' ಅನ್ನು ಎರಡೂ ಮೊಬೈಲಿನಿಂದ ಅಳಿಸಿದ. ಬಂದವರು ಉಗ್ರಾಣಿಯ ಮೊಬೈಲು ನೋಡಿದಾಗ ಉತ್ತರವಿಲ್ಲದ ಒಂದು ಮೆಸೇಜು ಮಾತ್ರ ಇತ್ತು. ಮ್ಯಾನೇಜರು ಇವನ ಬೆನ್ನು ತಟ್ಟಿದರು. "ನೀನು ನೋಡೇ ಇಲ್ಲ, ನಿನ್ನ ತಪ್ಪೇನಪ್ಪಾ? ಇನ್ಮೇಲೆ ಅವರ ಕೆಲಸ ನೀನೇ ನೋಡ್ಕೋ."

"ಹೂಂ," ಅಂದ.

ಸರಿ, ಬಾವಿಯ ರಾತ್ರಿಗೆ ಬರೋಣ. ಆಫೀಸಿಗೆ ಹೊಸ ಮಷೀನು ಬಂದಿತ್ತು, ಎಲ್ಲ ಪ್ಯಾಕೇಜುಗಳನ್ನೂ ಅದಕ್ಕೆ ಹೊಸದಾಗಿ ಹಾಕಬೇಕು. ಹಗಲು ಅದರಲ್ಲಿ ಬೇರೆಯವರ ಕೆಲಸ, ಇವನಿಗೆ ರಾತ್ರಿಯೇ ಗತಿ. ಆಫೀಸಿನಲ್ಲಿ ಹತ್ತಕ್ಕೆ ಶುರು ಮಾಡಿ, ಉಳಿದದ್ದನ್ನು ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಮುಂದುವರಿಸುವುದು ಅಂತ ಹೊರಟಿದ್ದ.

ಮನೆ ಅಂದರೆ ಮುಂದೆ ಒಂದು ಹಾಲು, ಒಳಗೆ ಒಂದು ಕೋಣೆ. ಒಳಗೆ ಅವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಮತ್ತು ಮಗಳು ಪುಟ್ಟಿ ಮಲಗಿರುತ್ತಾರೆ. ಪುಟ್ಟಿಗೆ ನಾಲ್ಕು ವರ್ಷ. ಅದಕ್ಕೆ ಉಬ್ಬಸ. ರಾತ್ರಿಯಾದರೆ ಎದೆಯಿಂದ 'ಸುಂಯ್... ಸುಂಯ್...' ಅಂತ ಸಣ್ಣಗೆ ಸಿಳ್ಳೆ. ಡಾಕ್ಟರು ಮೊದಲೇ ಹೇಳಿದ್ದರು, "ಈ ಸದ್ದೇ ನಿಮ್ಮ ಕಾವಲು. ಅದು ಜೋರಾದರೆ ನಿಮ್ಮ ಕೈಯಲ್ಲಿ ಹತ್ತು ನಿಮಿಷ ಇರುತ್ತೆ." ಜೋರಾದಾಗ ಮಗು 'ಅಪ್ಪಾ... ಅಪ್ಪಾ...' ಅಂತ ಎರಡು ಸಲ ಕರೆಯುತ್ತಿತ್ತು. ಹೇಳಲೇಬೇಕು, ಆ ಒಂದು ಕರೆಗೆ ಮಾತ್ರ ಹೂಂಗಣ್ಣ ಹೂಂ ಅಂದು ಕೂತವನಲ್ಲ. ಎರಡನೆಯ ಅಪ್ಪಾ ಮುಗಿಯುವುದರೊಳಗೆ ಇನ್‌ಹೇಲರ್ ಹಿಡಿದು ಮಂಚದ ಪಕ್ಕ ಇರುತ್ತಿದ್ದ. ಮಗು ಅಂದರೆ ಜೀವ ಬಿಡುತ್ತಿದ್ದ.

ಹಾಲಿನಲ್ಲಿ ಕೂತು ಆಜ್ಞೆ ಕೊಟ್ಟ. ಪಟ್ಟಿ ಬಂತು. ವೈ. ಮತ್ತೆ ಪಟ್ಟಿ. ವೈ. ಎಲ್ಲ ಮುಗಿಯಿತು ಅನ್ನುವಾಗ ಇನ್ನೂ ಒಂದು ಕಡಿಮೆ ಇದೆ ಅಂತ ಮಷೀನು ಮತ್ತೆ ಕೇಳುತ್ತದೆ. ಹೀಗೆ ನಲವತ್ತು ಸಲ. ಇವನಿಗೆ ರೇಗಿಹೋಯಿತು. ಒಂದು ಸಾಲು ಬರೆದಿಟ್ಟ. ಇನ್ನು ಮುಂದೆ ನನ್ನನ್ನು ಕೇಳಬೇಡ, ಏನೇ ಇದ್ದರೂ ನನ್ನ ಉತ್ತರ ಹೌದು ಅಂತ ತಿಳಿದುಕೋ. ಅಂಥ ಒಂದು ಸೌಕರ್ಯ ಇದೆಯಂತೆ. ಆ ಕೆಲಸದವರು ಎಲ್ಲರೂ ಒಂದಲ್ಲ ಒಂದು ದಿನ ಮಾಡುತ್ತಾರಂತೆ.

ಎರಡು ಗಂಟೆಯ ಹೊತ್ತಿಗೆ ಮುಂಬಾಗಿಲ ಹೊರಗೆ 'ಟಪ್... ಟಪ್... ಟಪ್...'. ರಬ್ಬರ್ ಚಪ್ಪಲಿ. ಬಲಗಾಲು ಸ್ವಲ್ಪ ಭಾರ. ಅತ್ತಿಗೆಯ ನಡಿಗೆ ಅದು, ಹತ್ತು ಜನರ ನಡುವೆಯೂ ಗೊತ್ತಾಗುತ್ತದೆ. ಇಷ್ಟು ಹೊತ್ತಿನಲ್ಲಿ ಇವಳು ಯಾಕೆ ಹೊರಗೆ ಹೋದಳು ಅಂತ ಒಳಗೆ ಇಣುಕಿದ. ಅತ್ತಿಗೆ ಮಲಗಿದ್ದರು.

ಬೆಳಿಗ್ಗೆ ಕಾಫಿ ಹಿಡಿದು ಅತ್ತಿಗೆ ಪಕ್ಕಕ್ಕೆ ಬಂದಾಗ ಬೆಚ್ಚಿಬಿದ್ದು ಅರ್ಧ ಕಾಫಿ ಚೆಲ್ಲಿದ. "ಬೆಕ್ಕಿನ ಹಾಗೆ ಬರ್ತೀಯಲ್ಲೇ! ಜೀವ ಬಾಯಿಗೆ ಬಂತು."

"ದಿನಾ ಬರೋ ಹಾಗೇ ಬಂದೆ ರೀ. ನಿಮ್ಮ ಕಿವಿಗೇನಾಗಿದೆ?"

ಎರಡನೆಯ ರಾತ್ರಿ. ಬಾವಿಗೆ ಕಲ್ಲು ಬಿಟ್ಟ... ಸದ್ದಿಲ್ಲ. ಮನೆಗೆ ಬಂದು ಮತ್ತೆ ಅದೇ ಕೆಲಸ. ಈಗ ಮಷೀನು ಕೇಳುವುದಿಲ್ಲ, ಸಾಲುಗಳು ತಾವೇ ಸರಸರ ಓಡುತ್ತವೆ. ಇವನು ತೂಕಡಿಸುತ್ತ ಕೂತಿದ್ದವನು ಮೂರರ ಹೊತ್ತಿಗೆ ಥಟ್ಟನೆ ಎಚ್ಚರಾದ. ಒಳಗಿನಿಂದ ಸುಂಯ್ ಕೇಳುತ್ತಿಲ್ಲ. ಓಡಿ ಹೋಗಿ ಮಗುವಿನ ಮೂಗಿನ ಹತ್ತಿರ ಕೈ ಇಟ್ಟ. ಉಸಿರು ಇದೆ. ಎದೆ ಏರುತ್ತಿದೆ, ಇಳಿಯುತ್ತಿದೆ. ಸಿಳ್ಳೆ ಇಲ್ಲ.

ಅತ್ತಿಗೆಯನ್ನು ಎಬ್ಬಿಸಿದ. "ಕೇಳೇ... ಸುಂಯ್ ಅನ್ನೋದು ನಿಂತಿದೆ."

"ಏನು?"

"ಕಿವಿ ಇಟ್ಟು ಕೇಳು."

ಅತ್ತಿಗೆ ಮಗುವಿನ ಎದೆಗೆ ಕಿವಿ ಇಟ್ಟರು. ಇಟ್ಟವರು ಹಾಗೇ ಅಳತೊಡಗಿದರು. "ವಾಸಿ ಆಯ್ತೇನ್ರೀ? ನಿಜವಾಗ್ಲೂ ವಾಸಿ ಆಯ್ತಾ?"

"ಹೂಂ," ಅಂದ ಇವನು, ಕಣ್ಣು ಒರೆಸಿಕೊಂಡು. ತಿಂಗಳುಗಳ ಮೇಲೆ ಆ ರಾತ್ರಿ ಇಬ್ಬರೂ ನೆಮ್ಮದಿಯಾಗಿ ಮಲಗಿದರಂತೆ. ಬೆಳಗಿನ ಜಾವ ಹೂಂಗಣ್ಣನಿಗೆ ಅರೆನಿದ್ದೆಯಲ್ಲಿ ಮುಂಬಾಗಿಲ ಹೊರಗೆ 'ಸುಂಯ್... ಸುಂಯ್...' ಅಂತ ಕೇಳಿಸಿತು. ಬೀಗದ ಕಿಂಡಿಯಲ್ಲಿ ಗಾಳಿ ಅಂದುಕೊಂಡು ಎದ್ದು ಹೋಗಿ ಬಟ್ಟೆ ತುರುಕಿ ಬಂದ.

ಮೂರನೆಯ ದಿನ ಮ್ಯಾನೇಜರು ಕೇಳಿದರು, ಇನ್ನೂ ಯಾಕೆ ಮುಗಿದಿಲ್ಲ ಅಂತ. ಏನೇನು ಹಾಕಿದೆ ಅನ್ನುವುದನ್ನು ಮಷೀನು ಒಂದೊಂದನ್ನೂ ಬರೆದಿಟ್ಟಿರುತ್ತದೆ. ವಿಧಿಯಿಲ್ಲದೆ ಹೂಂಗಣ್ಣ ಅದನ್ನು ತೆಗೆದು ಓದಲು ಕೂತ. ಸಾವಿರಾರು ಸಾಲು ಇಂಗ್ಲಿಷು. ಅದರ ನಡುವೆ ಅಲ್ಲೊಂದು ಇಲ್ಲೊಂದು ಸಾಲು ನಮ್ಮ ಅಕ್ಷರದಲ್ಲಿ.

'ಉಗ್ರಾಣಿ: ಹಾಕಲಾಗುತ್ತಿದೆ.'

'ಬೇಕು: ನೀರಿನ ಸದ್ದು, ಒಂದು. ಸಿಕ್ಕಿದ್ದು: ಬಾವಿ. ಹಾಕಲೇ? ಹೂಂ.'

'ಬೇಕು: ಹೆಜ್ಜೆ, ಒಂದು ಜೊತೆ. ಸಿಕ್ಕಿದ್ದು: ಒಳಕೋಣೆ, ಗೋಡೆಯ ಪಕ್ಕ. ಹಾಕಲೇ? ಹೂಂ.'

'ಬೇಕು: ಉಸಿರಿನ ಸದ್ದು, ಒಂದು. ಸಿಕ್ಕಿದ್ದು: ಒಳಕೋಣೆ, ಕಿಟಕಿಯ ಪಕ್ಕ. ಹಾಕಲೇ? ಹೂಂ.'

ಕಿಟಕಿಯ ಪಕ್ಕ ಮಲಗುವುದು ಪುಟ್ಟಿ.

ಅಂದರೆ ಮಗುವಿಗೆ ವಾಸಿಯಾಗಿಲ್ಲ. ಉಬ್ಬಸ ಇದ್ದ ಹಾಗೇ ಇದೆ, ಕಾವಲಿನ ಸದ್ದು ಮಾತ್ರ ಹೋಗಿದೆ. ಅತ್ತಿಗೆಗೆ ಹೇಳಬೇಕಿತ್ತು. ಹೇಳಿದರೆ ಉಗ್ರಾಣಿ ಯಾಕೆ ನಿಮ್ಮ ಹಿಂದೆ ಬಿದ್ದರು ಅಂತ ಕೇಳುತ್ತಾರೆ, ಆ ಅಳಿಸಿದ 'ಹೂಂ' ಬಾಯಿಬಿಡಬೇಕಾಗುತ್ತದೆ. ಹೇಳಲಿಲ್ಲ. ಯಾರಿಗೂ ತಿಳಿಯದ ಹಾಗೆ ತಾನೇ ಅದನ್ನು ತೆಗೆದುಹಾಕುತ್ತೇನೆ ಅಂದುಕೊಂಡ. ಅವನ ಮೇಲೆ ನನಗೆ ಸಿಟ್ಟು ಇರುವುದು ಇದಕ್ಕೇ.

ಅವತ್ತು ರಾತ್ರಿ ಬಾವಿಗೆ ಮೂರನೆಯ ಕಲ್ಲು ಬಿಟ್ಟು, ಸದ್ದಿಗೆ ಕಾಯದೆ ಮನೆಗೆ ಬಂದ. ಒಂದೂವರೆ. ಅತ್ತಿಗೆ, ಮಗು ಮಲಗಿದ್ದಾರೆ. ಉಗ್ರಾಣಿಯನ್ನು ತೆಗೆದುಹಾಕು ಅಂತ ಒಂದೊಂದೇ ಅಕ್ಷರ ನೋಡಿ ನೋಡಿ ಬರೆದ. 'ಟಕ್' ಅಂತ ಕೊನೆಯ ಕೀ ಒತ್ತಿದ.

ಪರದೆಯ ಮೇಲೆ ಒಂದು ಸಾಲು ಬಂತು.

'ಉಗ್ರಾಣಿಯನ್ನು ತೆಗೆಯಲು ಮೊದಲು ಬೇಕು: ಕರೆ, ಒಂದು. ಸಿಕ್ಕಿದ್ದು: ಒಳಕೋಣೆ, ಕಿಟಕಿಯ ಪಕ್ಕ. ಹಾಕಲೇ?'

ಜನ್ಮದಲ್ಲಿ ಮೊದಲ ಸಲ ಹೂಂಗಣ್ಣ ಪೂರ್ತಿ ಓದಿದ. ಓದಿ, ಬೇಡ ಅನ್ನುವ ಅಕ್ಷರಕ್ಕೆ ಬೆರಳು ಚಾಚಿದ. ಬೆರಳು ಇನ್ನೂ ಗಾಳಿಯಲ್ಲಿದೆ... ಸಾಲಿನ ಕೊನೆಗೆ ತಾನೇ ಮೂಡಿತು.

'ಹೂಂ.'

ಇನ್ನು ಮುಂದೆ ಕೇಳಬೇಡ ಅಂತ ಬರೆದಿಟ್ಟವನು ಅವನೇ ತಾನೇ. ತಂತಿ ಕಿತ್ತ. ಲ್ಯಾಪ್‌ಟಾಪಿಗೆ ತಂತಿ ಇದ್ದರೇನು, ಹೋದರೇನು. ಮುಚ್ಚಳ ಮುಚ್ಚಿದ. ಒಳಗೆ ಫ್ಯಾನು 'ಝುಂ...' ಅಂತ ಇನ್ನೊಂದು ಗಳಿಗೆ ತಿರುಗಿ ನಿಂತಿತು.

ಆಮೇಲೆ ಮುಂಬಾಗಿಲ ಹೊರಗೆ... 'ಟಪ್... ಟಪ್...'. ನಿಂತಿತು. 'ಸುಂಯ್... ಸುಂಯ್...'

"ಅಪ್ಪಾ..."

ಪುಟ್ಟಿಯ ದನಿ.

"ಅಪ್ಪಾ... ಎದೆ ಹಿಡಿದ ಹಾಗಾಗ್ತಿದೆ. ಬಾಗಿಲು ತೆಗೆಯೋಕೆ ಆಗ್ತಿಲ್ಲ. ಬರ್ತೀಯಾ?"

ನಾಲ್ಕು ವರ್ಷದ ಕೂಸು ಆಡುವ ಮಾತೇ ಅದು? ಯೋಚಿಸಲಿಲ್ಲ. ಆ ಕರೆಗೆ ಎದ್ದು ಓಡುವುದು ಅವನ ರಕ್ತಕ್ಕೇ ಇಳಿದಿತ್ತು. ಗೂಡಿನಲ್ಲಿದ್ದ ಇನ್‌ಹೇಲರ್ ಎತ್ತಿಕೊಂಡ, ಚಿಲಕ ತೆಗೆದ. ಹೊಸ್ತಿಲಲ್ಲಿ ಯಾರೂ ಇಲ್ಲ. ದನಿ ಆಗಲೇ ಬೀದಿಯ ತಿರುವಿನಲ್ಲಿ. "ಅಪ್ಪಾ..." ಬರಿಗಾಲಲ್ಲಿ ಓಡಿದ. ದನಿ ಓಣಿಯಲ್ಲಿ. ಓಡಿದ. ದನಿ ಬಾವಿಯ ಹತ್ತಿರ... ಬಾವಿಯ ಒಳಗೆ.

ಸರಳಿನ ಮೇಲೆ ಮಂಡಿಯೂರಿ ಬಿದ್ದ. "ಪುಟ್ಟೀ! ಪುಟ್ಟೀ..."

ಕೆಳಗಿನಿಂದ ಮಗುವಿನ ದನಿಯಲ್ಲೇ, ಮೆಲ್ಲಗೆ ಬಂತು.

"ಓದಿದ್ಯಾ?"

ಹೂಂಗಣ್ಣ ಸರಳು ಹಿಡಿದುಕೊಂಡು ಬಿಕ್ಕಿದ. "ಊಹೂಂ... ಓದಿರಲಿಲ್ಲ ಸಾರ್. ಓದದೆ ಹೂಂ ಅಂದೆ. ಆಮೇಲೆ ಅಳಿಸಿಬಿಟ್ಟೆ. ನನ್ನ ಮಗು ಬಿಡಿ ಸಾರ್..."

ಆಮೇಲೆ ಕೆಳಗಿನಿಂದ 'ಗುಳುಂ'. ಮತ್ತೆ 'ಗುಳುಂ'. ಮತ್ತೊಂದು 'ಗುಳುಂ'. ಮೂರು ರಾತ್ರಿ ಹಾಕಿದ್ದ ಮೂರು ಕಲ್ಲು.

ಹಿಂದಿರುಗಿದ್ದು ಅಷ್ಟೇ.

ಮಗು ಇಲ್ಲಿಲ್ಲ, ಮನೆಯಲ್ಲೇ ಇದೆ ಅನ್ನುವುದು ಆಗ ತಲೆಗೆ ಹೋಯಿತು. ಕೈ ನೋಡಿಕೊಂಡ. ಇನ್‌ಹೇಲರ್ ತನ್ನ ಮುಷ್ಟಿಯಲ್ಲಿದೆ. ಮನೆಯಲ್ಲಿದ್ದದ್ದು ಅದೊಂದೇ.

ಹೇಗೆ ಓಡಿ ಬಂದೆನೋ ಗೊತ್ತಿಲ್ಲ ಅನ್ನುತ್ತಾನೆ. ಬಾಗಿಲು ಹಾರು ಹೊಡೆದಿತ್ತು. ಅತ್ತಿಗೆ ಮಗುವನ್ನು ಎತ್ತಿಕೊಂಡು ಹುಚ್ಚಿಯ ಹಾಗೆ ಗೂಡೆಲ್ಲ ತಡಕುತ್ತಿದ್ದರು. "ಔಷಧಿ ಎಲ್ಲಿ ರೀ? ಎಲ್ಲಿಟ್ರಿ? ಎಲ್ಲಿ?" ಮಗುವಿನ ತುಟಿ ನೀಲಿ. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ, ಮುಚ್ಚುತ್ತದೆ. ಎರಡೆರಡು ಸಲ. ಅಪ್ಪಾ ಅನ್ನುತ್ತಿದೆ... ಒಂದು ಚೂರು ಸದ್ದಿಲ್ಲ. ಎಷ್ಟು ಹೊತ್ತಿನಿಂದ ಕರೆಯುತ್ತಿತ್ತೋ ಏನೋ. ಅದರ ಉಗುರು ಅತ್ತಿಗೆಯ ತೋಳಿಗೆ ನಾಟಿ ರಕ್ತ ಬಂದ ಮೇಲೆ ಅವರಿಗೆ ಎಚ್ಚರವಾಗಿತ್ತು. ಆ ಗುರುತು ಈಗಲೂ ಇದೆ, ನಾನು ನೋಡಿದ್ದೇನೆ.

ಮಗು ಉಳಿಯಿತು. ದನಿ ಬರಲಿಲ್ಲ. ಎಷ್ಟು ಡಾಕ್ಟರು ನೋಡಿದರೂ ಗಂಟಲು ಸರಿಯಾಗಿದೆ ಅನ್ನುತ್ತಾರೆ. ಅತ್ತಿಗೆಗೆ ಅವನು ಎಲ್ಲವನ್ನೂ ಹೇಳಿದ. ಮ್ಯಾನೇಜರಿಗೂ ಹೇಳಿದ. ಮ್ಯಾನೇಜರು ನಂಬಲಿಲ್ಲ, ಹೊಸ ಮಷೀನಿನಲ್ಲಿ ಆ ಸಾಲುಗಳೂ ಸಿಗಲಿಲ್ಲ. ಅತ್ತಿಗೆ ನಂಬಿದರು. ನಂಬಿ, ಆರು ತಿಂಗಳು ಅವನ ಜೊತೆ ಮಾತು ಬಿಟ್ಟರು. ಆ ಮನೆಯಲ್ಲಿ ಆಗ ಏನು ಸದ್ದಿದ್ದೀತು, ನೀವೇ ಹೇಳಿ.

ರಾತ್ರಿ ಪಾಳಿಯೇ ಈಗಲೂ ಅವನ ಹೊಟ್ಟೆಪಾಡು, ಮನೆಯಿಂದಲೇ ಮಾಡುತ್ತಾನೆ. ಮಗು ಕರೆದರೆ ತಿಳಿಯಲಿ ಅಂತ ಮೊದಲು ಅದರ ಕೈಗೆ ಒಂದು ಗಂಟೆ ಕಟ್ಟಿದರು. ಅತ್ತಿಗೆ ಅಲ್ಲಾಡಿಸಿದರೆ 'ಘಲ್' ಅನ್ನುತ್ತದೆ. ಪುಟ್ಟಿ ಅಲ್ಲಾಡಿಸಿದರೆ ಅನ್ನುವುದಿಲ್ಲ. ಕೊನೆಗೆ ಒಂದು ದಾರ. ಒಂದು ತುದಿ ಮಗುವಿನ ಮಣಿಕಟ್ಟಿಗೆ, ಇನ್ನೊಂದು ಹಾಲಿನಲ್ಲಿ ಕೂತ ಅಪ್ಪನ ಮಣಿಕಟ್ಟಿಗೆ. ಎರಡು ಸಲ ಎಳೆದರೆ 'ಅಪ್ಪಾ... ಅಪ್ಪಾ...' ಅಂತ ಅರ್ಥ.

ನಾನು ಹೋದ ರಾತ್ರಿ ಹಾಲಿನಲ್ಲೇ ಚಾಪೆ ಹಾಸಿಕೊಟ್ಟರು. ಹೂಂಗಣ್ಣ ಪರದೆಯ ಮುಂದೆ ಕೂತು ಒಂದೊಂದು ಸಾಲನ್ನೂ ಬೆರಳಿಟ್ಟು ಓದುತ್ತಿದ್ದ. ಈಗ ಸೋಪಿನ ಕಾಗದವನ್ನೂ ಓದದೆ ಬಿಸಾಡುವುದಿಲ್ಲವಂತೆ. ಹೂಂ ಅನ್ನುವುದನ್ನು ಬಿಟ್ಟಿದ್ದಾನೆ, ಹೆಸರು ಮಾತ್ರ ಉಳಿದಿದೆ.

ಒಂದೂವರೆ ಆಗಿತ್ತು. ದಾರ ಎರಡು ಸಲ ಜಗ್ಗಿತು. ಎದ್ದು ಓಡಿದ. ನಾನೂ ಹಿಂದೆಯೇ ಹೋದೆ. ಪುಟ್ಟಿ ಎರಡೂ ಕೈ ಕೆನ್ನೆಯಡಿ ಇಟ್ಟುಕೊಂಡು ಗಾಢ ನಿದ್ದೆಯಲ್ಲಿತ್ತು. ದಾರ ಹಾಸಿಗೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ಅವನು ಹೊದಿಕೆ ಸರಿಮಾಡಿ ಬಂದು ಕೂತ.

"ಕನಸಿನಲ್ಲಿ ಎಳೆದಿರ್ಬೇಕು ಕಣೋ," ಅಂದೆ.

"ದಿನಾ ನಾಲ್ಕೈದು ಸಲ," ಅಂದ. "ಅವಳು ಎಳೆದದ್ದು ಯಾವುದು, ಉಗ್ರಾಣಿ ಎಳೆದದ್ದು ಯಾವುದು ಅಂತ ಗೊತ್ತಾಗಲ್ಲ. ಪ್ರತಿ ಸಲ ಏಳಲೇಬೇಕು."

ಆಗ ಮತ್ತೆ ಜಗ್ಗಿತು. ಈ ಸಲ ನಾನು ಮಗುವಿನ ಕಡೆ ನೋಡಲಿಲ್ಲ, ದಾರವನ್ನೇ ನೋಡಿದೆ. ನಡುವೆ ಯಾರೋ ಹಿಡಿದು ಎಳೆದ ಹಾಗೆ ಅದು ನೆಲದಿಂದ ಎದ್ದು ಬಿಗಿಯಾಗಿ ನಿಂತಿತ್ತು. ಒಳಕೋಣೆಯ ಕಡೆಗಲ್ಲ, ಮುಂಬಾಗಿಲ ಕಡೆಗೆ.

ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ, ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಮಲಗುವ ಮುಂಚೆ ಹಾಕಿದವನು ನಾನೇ.